ಹೊಳೆದಂಡೆಯಲ್ಲಿ ಹುಟ್ಟಿದ ಕಡಲ ಹಡಗು

ರಷ್ಯಾದ ನಕಾಶೆಯೊಂದನ್ನು ಬಿಡಿಸಿಕೊಳ್ಳಿ. ವೋಲ್ಗಾ ನದಿಯನ್ನು ಹುಡುಕಿ, ಅದರ ದಂಡೆಯ ನಿಜ್ನಿ ನೊವ್‌ಗೊರೊದ್ ಮೇಲೆ ಬೆರಳಿಡಿ. ಸೋವಿಯತ್ ಕಾಲದಲ್ಲಿ ಈ ಊರಿನ ಹೆಸರು ಗೋರ್ಕಿ. ಈಗ ಬೆರಳನ್ನು ಎತ್ತ ಬೇಕಾದರೂ ಓಡಿಸಿ, ಸಮುದ್ರ ಸಿಗಬೇಕಾದರೆ ನೂರಾರು ಕಿಲೋಮೀಟರ್ ನೆಲ ದಾಟಬೇಕು. ಭಾರತದ ನೌಕಾಪಡೆಯ ಬಾವುಟ ಹಾರಿಸಿದ ಮೊಟ್ಟಮೊದಲ ಅಣುಶಕ್ತಿ ಜಲಾಂತರ್ಗಾಮಿ ಹುಟ್ಟಿದ್ದು ಈ ಊರಿನಲ್ಲಿ! ಉಪ್ಪುಗಾಳಿ ಸೋಕದ ಒಳನಾಡಿನಲ್ಲಿ, ಹೊಳೆದಂಡೆಯ ಒಂದು ಕಾರ್ಖಾನೆಯಲ್ಲಿ!

ಕ್ರಾಸ್ನೊಯೆ ಸೊರ್ಮೊವೊ ಎಂಬುದು ಆ ಕಾರ್ಖಾನೆ. ಅಲ್ಲಿ ಕಟ್ಟಿದ ಜಲಾಂತರ್ಗಾಮಿಗಳು ನದಿ, ಕಾಲುವೆ, ಮತ್ತೆ ನದಿ, ಮತ್ತೆ ಕಾಲುವೆ ಎಂದು ಒಳನಾಡಿನ ನೀರುದಾರಿಯಲ್ಲೇ ಸಾಗಿ ಉತ್ತರದ ಶ್ವೇತ ಸಮುದ್ರ ಸೇರುತ್ತಿದ್ದವು. ದಾರಿಯುದ್ದಕ್ಕೂ ಎರಡೂ ಕಡೆ ಆಲೂಗಡ್ಡೆ ಹೊಲ, ಬರ್ಚ್ ಮರದ ಕಾಡು. ನಡುವೆ ಅಣುಶಕ್ತಿಯ ಹಡಗೊಂದರ 90 ಮೀಟರ್‌ಗೂ ಉದ್ದದ ಕಬ್ಬಿಣದ ಮೈ! 1967ರ ನವೆಂಬರ್‌ನಲ್ಲಿ ಸೋವಿಯತ್ ನೌಕಾಪಡೆ ಸೇರಿದಾಗ ನಮ್ಮ ಕಥೆಯ ನೌಕೆಗೊಂದು ಸರಿಯಾದ ಹೆಸರೂ ಇರಲಿಲ್ಲ. ಕೆ-43 ಎಂಬ ನಂಬರ್ ಅಷ್ಟೆ. ಇಪ್ಪತ್ತು ವರ್ಷದ ನಂತರ ಅದೇ ನೌಕೆ ಐಎನ್‌ಎಸ್ ಚಕ್ರ ಆಯಿತು.

ಈ ಸಂಗತಿ ಯಾರಿಗೆ ಬರೀ ಮಾಹಿತಿಯೋ ಗೊತ್ತಿಲ್ಲ, ಹರಿಹರ-ದಾವಣಗೆರೆಯ ನಮ್ಮಂಥವರಿಗೆ ಮೈ ಜುಮ್ಮೆನ್ನಬೇಕು. ನಮಗೂ ಹೊಳೆಯಿದೆ. ಹರಿದ್ರಾ ಹಳ್ಳ ತುಂಗಭದ್ರೆಗೆ ಕೂಡುವ ಜಾಗದಲ್ಲಿ, ಹರಿಯೂ ಹರನೂ ಒಂದೇ ಮೈಯಲ್ಲಿ ನಿಂತ ಊರು ನಮ್ಮದು. ಕಬ್ಬಿಣ ಕೊರೆಯುವ ವಿದ್ಯೆಯೂ ನಮ್ಮಲ್ಲಿತ್ತು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ಹರಿಹರದ ಹೆಸರನ್ನು ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಮುಟ್ಟಿಸಿದ್ದವು. ಆದರೆ ಕಡಲು? ಅದು ಘಟ್ಟ ಇಳಿದ ಮೇಲಿನ ಮಾತು. ನೌಕಾಪಡೆಯೆಂದರೆ ಕಾರವಾರದವರ, ಮಂಗಳೂರಿನವರ ವಿಷಯ ಎಂದು ನಾವು ಲೆಕ್ಕದಿಂದ ಬಿಟ್ಟಿದ್ದೆವು. ಹಾಗೆ ಬಿಟ್ಟದ್ದು ಎಷ್ಟು ಅವಸರದ ಕೆಲಸ ಎಂಬುದು ಈ ಹಡಗುಗಳ ಜಾತಕ ಬಿಚ್ಚುತ್ತ ಹೋದಂತೆ ತಿಳಿಯುತ್ತದೆ.

ಏಕೆಂದರೆ ಎರಡನೆಯ ಚಕ್ರವೂ ಹೊಳೆಯ ಮಗುವೇ! ರಷ್ಯಾದ ಪೂರ್ವದ ತುದಿಯಲ್ಲಿ ಅಮೂರ್ ಎಂಬ ಮಹಾನದಿ ಹರಿಯುತ್ತದೆ. ಅದರ ದಂಡೆಯ ಕೊಮ್ಸೊಮೊಲ್ಸ್ಕ್‌ನಲ್ಲಿ, ಅದೂ ಸಮುದ್ರದಿಂದ ಬಹುದೂರದ ಒಳನಾಡು, 1993ರಲ್ಲಿ ನೆರ್ಪಾ ಎಂಬ ನೌಕೆಗೆ ಅಡಿಪಟ್ಟಿ ಹಾಕಿದರು. ಸೋವಿಯತ್ ದೇಶ ಚೂರಾಗಿತ್ತು, ಖಜಾನೆ ಬರಿದಾಗಿತ್ತು. ಅರ್ಧ ಕಟ್ಟಿದ ಹಡಗು ಷೆಡ್ಡಿನಲ್ಲಿ ವರ್ಷಗಟ್ಟಲೆ ಕೂತಿತು. ಅದು ನೀರಿಗಿಳಿದದ್ದು 2006ರಲ್ಲಿ. ಒಂದು ಮಗು ಹುಟ್ಟಿ ಹೈಸ್ಕೂಲು ಮೆಟ್ಟಿಲು ಹತ್ತುವಷ್ಟು ಕಾಲ!

ಹೊಳೆಯ ಕಥೆ ಇನ್ನೂ ಮುಗಿದಿಲ್ಲ. ಅದಕ್ಕೆ ಮೊದಲು ಈ ಹಡಗಿನ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು.

ಮಾಮೂಲಿ ಜಲಾಂತರ್ಗಾಮಿ ಓಡುವುದು ಡೀಸೆಲ್ ಮತ್ತು ಬ್ಯಾಟರಿಯಿಂದ. ಡೀಸೆಲ್ ಉರಿಯಲು ಗಾಳಿ ಬೇಕು. ಹಾಗಾಗಿ ಎಂಥ ಬಹಾದ್ದೂರ್ ಹಡಗಾದರೂ ಆಗಾಗ ಮೇಲೆ ಬಂದು, ಕೊಳವೆಯೊಂದನ್ನು ನೀರಿನಾಚೆಗೆ ಚಾಚಿ, ಉಸಿರೆಳೆದುಕೊಂಡು ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲೇಬೇಕು. ಶತ್ರುವಿಗೆ ಬೇಕಿರುವುದೂ ಆ ಗಳಿಗೆಯೇ. ಅಣುಶಕ್ತಿಯ ನೌಕೆಗೆ ಈ ಗೋಜಿಲ್ಲ. ಯುರೇನಿಯಂ ಉರಿಯುವುದಿಲ್ಲ, ಒಡೆಯುತ್ತದೆ. ಒಡೆಯುವುದಕ್ಕೆ ಗಾಳಿ ಬೇಡ. ಒಂದು ಕಿಲೋ ಯುರೇನಿಯಂ-235 ಪೂರ್ತಿ ಒಡೆದರೆ ಹೊಮ್ಮುವ ಶಾಖ ಸುಮಾರು 3,000 ಟನ್ ಒಳ್ಳೆಯ ಕಲ್ಲಿದ್ದಲು ಉರಿಸಿದ್ದಕ್ಕೆ ಸಮ. ಒಂದು ಕಿಲೋ! ಈ ಶಾಖ ನೀರನ್ನು ಹಬೆ ಮಾಡುತ್ತದೆ, ಹಬೆ ಟರ್ಬೈನ್ ತಿರುಗಿಸುತ್ತದೆ. ಅಲ್ಲಿಂದಾಚೆಗೆ ಎಲ್ಲವೂ ಹಳೇ ಹತ್ತಿ ಮಿಲ್ಲಿನ ಸ್ಟೀಮ್ ಎಂಜಿನ್ ಕಂಡವರಿಗೆ ಗೊತ್ತಿರುವ ವಿದ್ಯೆಯೇ. ಉಸಿರಾಡಲು ಆಮ್ಲಜನಕ? ಕರೆಂಟು ಕೈಯಲ್ಲಿದೆ, ಸುತ್ತ ಬೇಕಾದಷ್ಟು ನೀರಿದೆ. ನೀರನ್ನು ಶುದ್ಧ ಮಾಡಿ ಒಡೆದರೆ ಆಮ್ಲಜನಕ ಅಲ್ಲೇ ತಯಾರು. ಕುಡಿಯಲು ಸಿಹಿನೀರು? ಅದೂ ತಯಾರು. ಹಾಗಾದರೆ ಈ ಹಡಗು ಎಷ್ಟು ದಿನ ಮುಳುಗಿರಬಹುದು? ಅಡುಗೆಮನೆಯಲ್ಲಿ ಅಕ್ಕಿ ಬೇಳೆ ಇರುವಷ್ಟು ದಿನ. ತಮಾಷೆಯಲ್ಲ, ಅಣು ಜಲಾಂತರ್ಗಾಮಿಯ ಪಯಣಕ್ಕೆ ಮಿತಿ ಹಾಕುವುದು ರಿಯಾಕ್ಟರ್ ಅಲ್ಲ, ದಿನಸಿ ಮತ್ತು ಮನುಷ್ಯರ ತಾಳ್ಮೆ.

ಜಗತ್ತಿನ ಮೊದಲ ಅಣು ಜಲಾಂತರ್ಗಾಮಿ ಅಮೆರಿಕದ ನಾಟಿಲಸ್ ಇದನ್ನು ತೋರಿಸಿಕೊಟ್ಟಿತು. 1955ರ ಜನವರಿ 17ರಂದು ಅಣುಶಕ್ತಿಯಲ್ಲಿ ಹೊರಟ ಅದು ಮೊದಲ ಸಲ ತುಂಬಿದ ಇಂಧನದಲ್ಲೇ 62,000 ಮೈಲಿ ದಾಟಿತು. 1958ರ ಆಗಸ್ಟ್ 3ರಂದು ಉತ್ತರ ಧ್ರುವದ ಮಂಜುಗಡ್ಡೆಯ ಅಡಿಯಲ್ಲೇ ನುಸುಳಿತು. ಈಗಿನ ಅಮೆರಿಕದ ವರ್ಜೀನಿಯಾ ವರ್ಗದ ಹಡಗುಗಳಿಗೆ ಹುಟ್ಟುವಾಗ ಹಾಕಿದ ಇಂಧನವೇ 33 ವರ್ಷಕ್ಕೆ, ಅಂದರೆ ನಿವೃತ್ತಿಯವರೆಗೂ ಸಾಕು. ಜೀವಮಾನಕ್ಕೊಂದೇ ಊಟ!

ಈ ಊಟ ಎಲ್ಲಿ ತಯಾರಾಗುತ್ತದೆ? ನಾನು ಕುರ್ಚಿಯಿಂದ ಎದ್ದು ನಿಂತದ್ದು ಇಲ್ಲಿಗೆ ಬಂದಾಗ. ನಮ್ಮ ದೇಶದ ಮಟ್ಟಿಗೆ ಉತ್ತರ: ಕರ್ನಾಟಕದಲ್ಲಿ! ಮೈಸೂರಿನ ಇಲವಾಲದ ಹತ್ತಿರ ರತ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ, ಅಂದರೆ ಬಾರ್ಕ್‌ನ ಘಟಕವೊಂದಿದೆ. ಆ ಕಡೆಯವರ ಬಾಯಲ್ಲಿ ಅದು ಆರ್‌ಎಂಪಿ. ಗಣಿಯಿಂದ ಬಂದ ಯುರೇನಿಯಂನಲ್ಲಿ ಸಾವಿರಕ್ಕೆ ಏಳು ಪರಮಾಣು ಮಾತ್ರ ಕೆಲಸಕ್ಕೆ ಬರುವ 235 ಜಾತಿಯವು, ಉಳಿದವು ಮೂರು ನ್ಯೂಟ್ರಾನ್ ಹೆಚ್ಚು ಭಾರದ 238. ರಸಾಯನಶಾಸ್ತ್ರದ ಕಣ್ಣಿಗೆ ಎರಡೂ ಒಂದೇ. ಬೇರ್ಪಡಿಸಲು ಯುರೇನಿಯಂ ಅನ್ನು ಅನಿಲ ಮಾಡಿ, ತೆಳುವಾದ ಸಿಲಿಂಡರುಗಳಲ್ಲಿ ಗಿರ್ರನೆ ತಿರುಗಿಸುತ್ತಾರೆ. ಭಾರದ್ದು ಗೋಡೆಗೆ ಒತ್ತಿಕೊಳ್ಳುತ್ತದೆ, ಹಗುರದ್ದು ನಡುವೆ ಉಳಿಯುತ್ತದೆ, ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹಾಯಿಸುತ್ತ ಹೋದರೆ ಕೊನೆಗೆ ಕಡಲಡಿಯ ಒಲೆಗೆ ಬೇಕಾದ ಪುಷ್ಟೀಕರಿಸಿದ ಯುರೇನಿಯಂ ಕೈಗೆ ಬರುತ್ತದೆ. ಚಾಮುಂಡಿ ಬೆಟ್ಟ ಕಾಣುವ ನೆಲದಿಂದ ಹೊರಟ ಇಂಧನ ಬಂಗಾಳ ಕೊಲ್ಲಿಯಡಿ ಓಡಾಡುತ್ತಿದೆ!

ಇನ್ನೂ ಹತ್ತಿರ ಬನ್ನಿ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು, ಕುದಾಪುರ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತಲ್ಲ, ಆ ಲೆಕ್ಕಕ್ಕೆ ನಮ್ಮ ಹಳೇ ಜಿಲ್ಲೆಯ ನೆಲವೇ. ಶೇಂಗಾ ಎಣ್ಣೆ, ಕುರಿ ಕಂಬಳಿಗೆ ಹೆಸರಾದ ಸೀಮೆ. ಅಮೃತಮಹಲ್ ದನಗಳು ಮೇಯುತ್ತಿದ್ದ ಆ ಹುಲ್ಲುಗಾವಲಿನಲ್ಲಿ ಬಾರ್ಕ್‌ಗೆ 1,800 ಎಕರೆಗೂ ಹೆಚ್ಚು ಜಾಗ ಕೊಟ್ಟರು. ಅಲ್ಲಿ ಬರಲಿರುವುದು ವಿಶೇಷ ಪುಷ್ಟೀಕರಣ ಘಟಕ ಎಂದು 2011ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಶ್ರೀಕುಮಾರ್ ಬ್ಯಾನರ್ಜಿಯವರೇ ಹೇಳಿದರು. ಕಾವಲಿಗೆ ಬೇಲಿ, ಗೋಡೆ ಬಂದವು. ಕುರಿ ಕಾಯುವವರು ಬೀದಿಗಿಳಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಬೆರಗಿನ ಕಥೆ ಹೇಳುವ ಉಮೇದಿನಲ್ಲಿ ಇದನ್ನು ನುಂಗಿಕೊಂಡು ಹೋಗಲು ನನಗೆ ಮನಸ್ಸಿಲ್ಲ. ಕಡಲಡಿಯ ಹಡಗಿಗೂ ನೆಲದ ಮೇಲೆ ಒಬ್ಬ ಕುರಿಗಾಹಿ ಬೆಲೆ ತೆರುತ್ತಾನೆ.

 

ಇನ್ನು ಚಕ್ರದ ಬದುಕು. 1988ರ ಜನವರಿಯಲ್ಲಿ, ಮೈ ಕೊರೆಯುವ ಚಳಿಯ ವ್ಲಾಡಿವೊಸ್ತೊಕ್ ಬಂದರಿನಲ್ಲಿ ಕೆ-43ರ ಮೇಲೆ ಭಾರತದ ಬಾವುಟ ಏರಿತು. ಮೂರು ವರ್ಷಕ್ಕೆ ಲೀಸ್. ಕರಾರು ಕಟ್ಟುನಿಟ್ಟು: ಅಣ್ವಸ್ತ್ರ ತುಂಬುವಂತಿಲ್ಲ. ಕ್ಯಾಪ್ಟನ್ ಆರ್.ಎನ್. ಗಣೇಶ್ ಚುಕ್ಕಾಣಿ ಹಿಡಿದರು; ಮುಂದೆ ಇವರೇ ವೈಸ್ ಅಡ್ಮಿರಲ್ ಆಗಿ ದೇಶದ ಸ್ವಂತ ಅಣು ಜಲಾಂತರ್ಗಾಮಿ ಯೋಜನೆಯನ್ನು ಮುನ್ನಡೆಸಿದವರು. ಫೆಬ್ರುವರಿ ಮೊದಲ ವಾರ ಹಡಗು ವಿಶಾಖಪಟ್ಟಣ ಮುಟ್ಟಿತು, ಪ್ರಧಾನಿ ರಾಜೀವ್ ಗಾಂಧಿ ಸ್ವತಃ ಹತ್ತಿದರು. ನೀರೊಳಗೆ 4,900 ಟನ್ ಆಸುಪಾಸು ತೂಗುವ, ಎಂಟು ಕ್ಷಿಪಣಿ ಕೊಳವೆಗಳ ಈ ಹಡಗು ಆಗ ಏಷ್ಯಾದ ಬಂದರುಗಳಲ್ಲೆಲ್ಲ ಪಿಸುಮಾತಿನ ವಸ್ತುವಾಗಿತ್ತು. ಲೀಸ್ ಮುಗಿಯಿತು, 1991ರ ಜನವರಿಯಲ್ಲಿ ವಾಪಸ್ ಹೊರಟಿತು. ಅಷ್ಟರಲ್ಲಿ ಅದರಲ್ಲಿ ಪಳಗಿದ ಭಾರತೀಯ ನಾವಿಕರ ಒಂದು ಪಡೆಯೇ ತಯಾರಾಗಿತ್ತು. ನಾವು ಲೀಸ್‌ಗೆ ತಂದದ್ದು ಹಡಗಲ್ಲ, ಅನುಭವ.

ಈ ವರ್ಗದ ಹಡಗುಗಳು ಒಟ್ಟು ಹನ್ನೊಂದು. ಚಕ್ರದ ಒಡಹುಟ್ಟು ಕೆ-429 ಎಂಬುದರ ಕಥೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. 1983ರಲ್ಲಿ ಕಮ್ಚಾಟ್ಕಾ ಬಳಿ ಮುಳುಗಿ 16 ಮಂದಿ ಸತ್ತರು. ಎತ್ತಿದರು, ರಿಪೇರಿ ಮಾಡಿದರು. 1985ರಲ್ಲಿ ಕಟ್ಟಿಹಾಕಿದ್ದ ಜಾಗದಲ್ಲೇ ಮತ್ತೆ ಮುಳುಗಿತು! ಒಂದೇ ಹಡಗು, ಎರಡು ಸಲ. ಎರಡನೆಯ ಚಕ್ರದ ಬಾಣಂತನವೂ ಸುಸೂತ್ರವಿರಲಿಲ್ಲ. 2008ರ ನವೆಂಬರ್ 8ರಂದು ಪರೀಕ್ಷಾರ್ಥ ಸಂಚಾರದಲ್ಲಿ ಬೆಂಕಿ ಆರಿಸುವ ಅನಿಲ ಸುಮ್ಮಸುಮ್ಮನೆ ಬಿಟ್ಟುಕೊಂಡು 20 ಮಂದಿ ಉಸಿರುಗಟ್ಟಿ ಸತ್ತರು. ರಿಯಾಕ್ಟರಿಗೆ ಏನೂ ಆಗಿರಲಿಲ್ಲ, ಕೊಂದದ್ದು ಬೆಂಕಿಯಿಂದ ಕಾಯಬೇಕಾದ ವ್ಯವಸ್ಥೆ. 2012ರ ಏಪ್ರಿಲ್ 4ರಂದು ವಿಶಾಖಪಟ್ಟಣದಲ್ಲಿ ಅದು ಐಎನ್‌ಎಸ್ ಚಕ್ರವಾಗಿ ಸೇವೆಗಿಳಿಯಿತು. ಹತ್ತು ವರ್ಷದ ಲೀಸ್ ತುಂಬುವ ಮೊದಲೇ, 2021ರ ಜೂನ್‌ನಲ್ಲಿ, ಸಿಂಗಪುರದ ಕಡಲಗಂಡಿಯಲ್ಲಿ ನೀರ ಮೇಲೆ ಬೆನ್ನು ತೋರಿಸುತ್ತ ರಷ್ಯಾದ ಕಡೆಗೆ ಸಾಗುತ್ತಿದ್ದುದನ್ನು ಜನ ಫೋಟೋ ತೆಗೆದರು.

ಇಂಥ ಹಡಗು ಮುದಿಯಾಗುವುದು ಹೇಗೆ? ಇಂಧನ ಮುಗಿಯುವುದರಿಂದ ಮಾತ್ರ ಎಂದುಕೊಳ್ಳಬೇಡಿ. ಹತ್ತು ಮೀಟರ್ ಆಳಕ್ಕಿಳಿದಂತೆಲ್ಲ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 300 ಮೀಟರ್ ಆಳದಲ್ಲಿ ಒಂದು ಚದರ ಮೀಟರ್ ಉಕ್ಕಿನ ಮೇಲೆ ಸುಮಾರು 300 ಟನ್ ಭಾರ! ಉಕ್ಕಿನ ಮೈ ನಿಜಕ್ಕೂ ಕುಗ್ಗುತ್ತದೆ. ಹೊಸಬರಿಗೆ ಇದನ್ನು ತೋರಿಸಲು ಹಳೇ ನಾವಿಕರು ಒಂದು ಆಟ ಹೂಡುತ್ತಾರೆ. ಮೇಲಿರುವಾಗ ಒಳಗೋಡೆಯಿಂದ ಎದುರು ಗೋಡೆಗೆ ದಾರವೊಂದನ್ನು ಬಿಗಿಯಾಗಿ ಕಟ್ಟುತ್ತಾರೆ. ಹಡಗು ಇಳಿಯುತ್ತ ಹೋದಂತೆ ಆ ದಾರ ಮೆಲ್ಲಗೆ ಜೋತು ಬೀಳುತ್ತದೆ. ಯಾರೂ ಮುಟ್ಟಿಲ್ಲ, ಗೋಡೆಗಳೇ ಹತ್ತಿರ ಬಂದಿವೆ. ಮೇಲೇರಿದರೆ ದಾರ ಮತ್ತೆ ಬಿಗಿ. ಹೀಗೆ ಕುಗ್ಗಿ ಹಿಗ್ಗಿ, ಕುಗ್ಗಿ ಹಿಗ್ಗಿ ಉಕ್ಕು ದಣಿಯುತ್ತದೆ, ಬೆಸುಗೆಗಳಲ್ಲಿ ಕೂದಲ ಬಿರುಕು ಹುಟ್ಟುತ್ತದೆ. ಇತ್ತ ರಿಯಾಕ್ಟರ್ ಕುಂಡದ ಗೋಡೆಯನ್ನು ನ್ಯೂಟ್ರಾನುಗಳು ವರ್ಷಗಟ್ಟಲೆ ಬಡಿದು ಪೆಡಸು ಮಾಡಿರುತ್ತವೆ. ಒಂದು ದಿನ ಲೆಕ್ಕ ಹಾಕುವವರು ಸಾಕು ಎನ್ನುತ್ತಾರೆ.

ನಿಜವಾದ ಬೆರಗು ಶುರುವಾಗುವುದು ಈ 'ಸಾಕು'ವಿನ ನಂತರ. ಇದರ ಓಟಕ್ಕಿಂತ ಇದರ ನಿವೃತ್ತಿಯೇ ದೊಡ್ಡ ಸಾಹಸ ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಎರಡು ದಶಕದ ಹಿಂದೆ ಬಾಗಿಲು ಹಾಕಿದ ಲೇತ್ ಕಾರ್ಖಾನೆಯ ಕಾಲವನ್ನು ಕಂಡ ಹಿರಿಯ ಟರ್ನರ್ ಒಬ್ಬರು ಹರಿಹರದಲ್ಲಿದ್ದಾರೆ. ಅವರ ಬಲಗೈ ಹೆಬ್ಬೆರಳ ಉಗುರು ಸೀಳಿ ಎರಡಾಗಿ ಬೆಳೆದಿದೆ. ಮಾತಾಡುವಾಗ ಅದನ್ನೇ ತೋರುಬೆರಳಿಗೆ ಉಜ್ಜುತ್ತ ಇಲ್ಲದ ಕಬ್ಬಿಣದ ನುಣುಪು ನೋಡುತ್ತಿರುತ್ತಾರೆ. ಅವರ ಮುಂದೆ ಚಕ್ರದ ಕಥೆ ಬಿಚ್ಚಿದೆ.

"ಲೇತ್ ರಿಟೈರ್ ಆದ್ರೆ ಏನ್ಮಾಡ್ತಾರೆ ಹೇಳ್ರಿ ಸರ? ಗುಜರಿಯೋನು ಬರ್ತಾನೆ, ಗ್ಯಾಸ್ ಕಟರ್ ಹಚ್ತಾನೆ, ಕೆಜಿ ಲೆಕ್ಕದಾಗ ತೂಗ್ತಾನೆ. ಮುಗೀತು. ಹಡಗಿಗೂ ಹಂಗೇ ಅಲ್ಲೇನ್ರಿ?"

"ಬೇರೆ ಹಡಗಿಗೆ ಹಂಗೇ ಯಜಮಾನ್ರೇ. ವಿರಾಟ್ ಇತ್ತಲ್ಲ, ವಿಮಾನ ಹೊರೋ ಹಡಗು, 2020ರಾಗ ಗುಜರಾತಿನ ಅಲಂಗ್‌ಗೆ ಎಳ್ಕೊಂಡು ಹೋಗಿ ಒಡೆದ್ರು. ಆದರೆ ಇದನ್ನ ಮುಟ್ಟಂಗಿಲ್ಲ."

"ಯಾಕ್ರಿ, ಸ್ವಿಚ್ ಆಫ್ ಮಾಡಿದ್ರೂ?"

ಸ್ವಿಚ್ ಆಫ್ ಮಾಡಿದರೂ! ಅಣು ಒಲೆಯ ವಿಚಿತ್ರವೇ ಅದು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಎಳೆದ ಮೇಲೂ ಬಾಣಲೆಯ ಮರಳು ಗಂಟೆಗಟ್ಟಲೆ ಕಾದೇ ಇರುತ್ತದಲ್ಲ, ಆದರೆ ಅದು ಉಳಿದ ಬಿಸಿ, ಬೆಳಗಾಗುವಷ್ಟರಲ್ಲಿ ತಣ್ಣಗಾಗುತ್ತದೆ. ರಿಯಾಕ್ಟರಿನಲ್ಲಿ ಹಾಗಲ್ಲ. ಒಡೆಯುವುದು ನಿಂತರೂ ಒಡೆದ ಚೂರುಗಳು ತಾವೇ ಕ್ಷಯಿಸುತ್ತ ಹೊಸದಾಗಿ ಬಿಸಿ ಹುಟ್ಟಿಸುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಕ್ತಿಯ ಶೇಕಡಾ 6ರಷ್ಟು, ಒಂದು ದಿನದ ಮೇಲೆ ಶೇಕಡಾ ಅರ್ಧದಷ್ಟು. ನಮ್ಮ ಸ್ವಂತ ಅಣು ಜಲಾಂತರ್ಗಾಮಿ ಅರಿಹಂತ್‌ನ ರಿಯಾಕ್ಟರ್ 83 ಮೆಗಾವ್ಯಾಟ್‌ನದು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಆಫ್ ಮಾಡಿದ ಗಳಿಗೆಯಲ್ಲೂ ಸುಮಾರು 5 ಮೆಗಾವ್ಯಾಟ್, ಮರುದಿನವೂ ಸುಮಾರು 400 ಕಿಲೋವ್ಯಾಟ್ ಬಿಸಿ. ತಂಪುನೀರು ಹರಿಸುತ್ತಲೇ ಇರಬೇಕು.

ಆಮೇಲೆ ಇಂಧನ ಹೊರತೆಗೆಯುವ ಕೆಲಸ. ಹಡಗಿನ ಬೆನ್ನನ್ನು ಕೊಯ್ದು, ಸೀಸ ಉಕ್ಕಿನ ದಪ್ಪ ಪೀಪಾಯಿಯೊಳಕ್ಕೆ ಒಂದೊಂದೇ ಕಟ್ಟನ್ನು ಎತ್ತಿಕೊಳ್ಳಬೇಕು. ನಡುವೆ ಅಡ್ಡವಿಲ್ಲದೆ ಅದನ್ನು ಯಾರೂ ಕಣ್ಣಿಂದ ನೋಡುವಂತಿಲ್ಲ. ರಷ್ಯಾದಲ್ಲಿ ಈ ಪೀಪಾಯಿಗಳು ವಿಶೇಷ ರೈಲು ಹತ್ತಿ ಉರಾಲ್ ಸೀಮೆಯ ಮಾಯಾಕ್ ಎಂಬ ಕೇಂದ್ರಕ್ಕೆ ಹೋಗುತ್ತವೆ. ಇಷ್ಟಾದರೂ ಮುಗಿಯಲಿಲ್ಲ. ರಿಯಾಕ್ಟರಿನ ಉಕ್ಕೇ ವಿಕಿರಣ ಸೂಸುತ್ತಿರುತ್ತದೆ. ಉಕ್ಕಿನಲ್ಲಿ ಚಿಟಿಕೆಯಷ್ಟಿದ್ದ ಕೋಬಾಲ್ಟ್ ನ್ಯೂಟ್ರಾನ್ ನುಂಗಿ ಕೋಬಾಲ್ಟ್-60 ಆಗಿದೆ, ಅದು ಐದೂಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಸರಿ, ಐವತ್ತು ಅರವತ್ತು ವರ್ಷ ಕಾದರೆ ಆಯಿತು. ಆದರೆ ಪಕ್ಕದಲ್ಲೇ ನಿಕಲ್-63 ಇದೆ, ಅದರ ಅರ್ಧಾಯುಷ್ಯ ಸುಮಾರು 100 ವರ್ಷ. ನಿಕಲ್-59 ಇದೆ, ಅದರದ್ದು 76,000 ವರ್ಷ! ಹರಿಹರೇಶ್ವರ ದೇವಸ್ಥಾನ ಕಟ್ಟಿ ಎಂಟುನೂರು ವರ್ಷ. ಅಂಥ ತೊಂಬತ್ತು ಪಟ್ಟು ಕಾಲ ಕಳೆದರೂ ಆ ನಿಕಲ್ ಇನ್ನೂ ಅರ್ಧ ಉಳಿದಿರುತ್ತದೆ.

ಯಜಮಾನರು ಉಗುರು ಉಜ್ಜುವುದನ್ನು ನಿಲ್ಲಿಸಿದರು. "ಮತ್ತೆ ಎಲ್ಲಿ ಇಡ್ತಾರ್ರಿ ಅದನ್ನ?"

ಹೊಳೆ ಮತ್ತೆ ಬಂತು ನೋಡಿ!

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಪ್ಯೂಜೆಟ್ ಸೌಂಡ್ ನೌಕಾ ಕಾರ್ಖಾನೆಯಿದೆ. ನಿವೃತ್ತ ಅಣು ಜಲಾಂತರ್ಗಾಮಿಗಳು ಕೊನೆಗೆ ಸೇರುವುದು ಅಲ್ಲಿಗೆ. ಇಂಧನ ತೆಗೆದ ಮೇಲೆ ಹಡಗಿನ ನಡುವಿನ ರಿಯಾಕ್ಟರ್ ಕೋಣೆಯನ್ನು ಆಚೀಚೆ ಕೊಯ್ದು ಬೇರ್ಪಡಿಸುತ್ತಾರೆ. ಎರಡೂ ಬಾಯಿಗೆ ಉಕ್ಕಿನ ಹಲಗೆ ಬೆಸೆದು, ಮನೆಗಿಂತ ದೊಡ್ಡದಾದ, ಸಾವಿರ ಟನ್ ದಾಟುವ ಉರುಳೆ ಮಾಡುತ್ತಾರೆ. ಅದನ್ನು ದೋಣಿಯ ಮೇಲೆ ಹೇರಿ ಶಾಂತ ಸಾಗರಕ್ಕಿಳಿಸಿ, ಕೊಲಂಬಿಯಾ ನದಿಯ ಬಾಯಿಂದ ಒಳಕ್ಕೆ ತಿರುಗಿಸಿ, ಹೊಳೆಗೆದುರಾಗಿ ಮೇಲಕ್ಕೆ, ಒಡ್ಡುಗಳ ಬಾಗಿಲು ಹಾಯಿಸುತ್ತ ನೂರಾರು ಕಿಲೋಮೀಟರ್ ಒಳನಾಡಿಗೆ ಒಯ್ಯುತ್ತಾರೆ. ಇಳಿಸುವುದು ಹ್ಯಾನ್‌ಫರ್ಡ್ ಎಂಬಲ್ಲಿ. ಅದೆಂಥ ಜಾಗ? ಮಳೆ ಅಪರೂಪದ ಕುರುಚಲು ಬಯಲು. ಚಳ್ಳಕೆರೆಯ ಕಾವಲು ಕಂಡವರಿಗೆ ಗುರುತು ಹತ್ತುವ ನೆಲ! ಅಲ್ಲಿ ಲೆಕ್ಕವಿಲ್ಲದಷ್ಟು ಗಾಲಿಗಳ ಬಂಡಿಯೊಂದು ಉರುಳೆಯನ್ನು ಹೊತ್ತು ಆಮೆನಡಿಗೆಯಲ್ಲಿ ದೊಡ್ಡ ಗುಂಡಿಗೆ ಸೇರಿಸುತ್ತದೆ. 94ನೇ ನಂಬರಿನ ಗುಂಡಿ. ನೂರಕ್ಕೂ ಹೆಚ್ಚು ಹಡಗುಗಳ ಹೃದಯಗಳು ಸಾಲಾಗಿ ನಿಂತಿರುವ ಆ ಗುಂಡಿಗೆ ಇನ್ನೂ ಮಣ್ಣು ಮುಚ್ಚಿಲ್ಲ. ಉಪಗ್ರಹದ ಚಿತ್ರದಲ್ಲಿ ಎಣಿಸಬಹುದು.

ಹೊಳೆದಂಡೆಯ ಊರಲ್ಲಿ ಹುಟ್ಟು, ಒಣಬಯಲಿನಲ್ಲಿ ಅನ್ನ, ಹೊಳೆಯ ಮೇಲೆಯೇ ಕೊನೆಯ ಪಯಣ, ಒಣಬಯಲಿನಲ್ಲೇ ಸಮಾಧಿ. ಸಮುದ್ರಕ್ಕೆ ಸಿಕ್ಕಿದ್ದು ನಡುವಿನ ಮೂವತ್ತು ಚಿಲ್ಲರೆ ವರ್ಷ ಮಾತ್ರ! ಕಡಲ ಹಡಗೆಂದು ಕರೆಯುವ ಇದು ನಿಜಕ್ಕೂ ಒಳನಾಡಿನವರ ಸೊತ್ತು ಎಂದು ನಾನು ವಾದಿಸಿದರೆ ಕರಾವಳಿಯ ಗೆಳೆಯರು ಜಗಳಕ್ಕೆ ಬರುತ್ತಾರೆ. ಬರಲಿ.

ಎಲ್ಲರೂ ಅಮೆರಿಕದವರಷ್ಟು ಅಚ್ಚುಕಟ್ಟಾಗಿ ಮುಗಿಸಲಿಲ್ಲ. ಬ್ರಿಟನ್ನಿನ ಕಥೆಗೆ ನಗಬೇಕೋ ಅಳಬೇಕೋ. ಅವರ ಮೊದಲ ಅಣು ಜಲಾಂತರ್ಗಾಮಿ ಡ್ರೆಡ್‌ನಾಟ್ 1963ರಲ್ಲಿ ಸೇವೆಗೆ ಬಂದು 1980ರಲ್ಲಿ ನಿವೃತ್ತವಾಯಿತು. ಹದಿನೇಳು ವರ್ಷ ದುಡಿದ ಈ ಹಡಗು ಅದರ ಎರಡು ಪಟ್ಟಿಗೂ ಹೆಚ್ಚು ಕಾಲ ಸ್ಕಾಟ್ಲೆಂಡಿನ ರೊಸೈತ್‌ನಲ್ಲಿ ಸುಮ್ಮನೆ ನೀರಲ್ಲಿ ನಿಂತಿತ್ತು! 2019ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರು ಎಣಿಸಿದಾಗ ನಿವೃತ್ತವಾದ 20ರಲ್ಲಿ ಒಂದನ್ನೂ ಪೂರ್ತಿ ವಿಲೇವಾರಿ ಮಾಡಿರಲಿಲ್ಲ. ಒಂಬತ್ತರ ಹೊಟ್ಟೆಯಲ್ಲಿ ಇಂಧನ ಹಾಗೇ ಇತ್ತು. ಓಡುವ ಹಡಗಿಗಿಂತ ನಿಂತ ಹಡಗೇ ಎರಡು ಪಟ್ಟು. ಪ್ರತಿಯೊಂದಕ್ಕೂ ಪಹರೆ, ಬಣ್ಣ, ರಿಪೇರಿ.

ರಷ್ಯಾದ್ದು ಇನ್ನೂ ಭಾರ. ಸೋವಿಯತ್ ದೇಶ ಕಟ್ಟಿದ ಅಣು ಜಲಾಂತರ್ಗಾಮಿಗಳು 240ಕ್ಕೂ ಹೆಚ್ಚು. ದೇಶವೇ ಇಲ್ಲವಾದಾಗ ಅವುಗಳಲ್ಲಿ ಬಹುಪಾಲು ಬಂದರುಗಳಲ್ಲಿ ತುಕ್ಕು ಹಿಡಿಯುತ್ತ ನಿಂತವು. 2003ರ ಆಗಸ್ಟ್ 30ರ ನಸುಕಿನಲ್ಲಿ ಕೆ-159 ಎಂಬ ನಿವೃತ್ತ ಹಡಗನ್ನು ಒಡೆಯಲು ಎಳೆದೊಯ್ಯುತ್ತಿದ್ದರು. 14 ವರ್ಷ ಮೊದಲೇ ಸೇವೆಯಿಂದ ಇಳಿದ ಮುದುಕ. ಮೈಯೆಲ್ಲ ತೂತು, ತೇಲಲೆಂದು ಅಕ್ಕಪಕ್ಕ ಪೀಪಾಯಿ ಬಿಗಿದಿದ್ದರು. ಬಿರುಗಾಳಿಗೆ ಪೀಪಾಯಿ ಕಿತ್ತುಬಂದವು. ಒಳಗಿದ್ದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯೊಡನೆ, ಸುಮಾರು 800 ಕಿಲೋ ಬಳಸಿದ ಇಂಧನದೊಡನೆ ಹಡಗು ಬ್ಯಾರೆಂಟ್ಸ್ ಸಮುದ್ರದ ತಳ ಸೇರಿತು. ಯುದ್ಧದಲ್ಲಲ್ಲ, ಗುಜರಿಗೆ ಹೋಗುವ ದಾರಿಯಲ್ಲಿ! ನೆರೆಯವರಿಗೆಲ್ಲ ಬೆವರಿಳಿಯಿತು. ಜರ್ಮನಿಯ ಹಣದಲ್ಲಿ ಉತ್ತರದ ಸಾಯ್ದಾ ಕೊಲ್ಲಿಯಲ್ಲಿ ರಿಯಾಕ್ಟರ್ ಕೋಣೆಗಳನ್ನಿಡುವ ಬೃಹತ್ ಕಾಂಕ್ರೀಟ್ ಅಂಗಳ ಬಂತು. ಪೂರ್ವದಲ್ಲಿ, ಚಕ್ರಗಳು ಹೊರಟ ವ್ಲಾಡಿವೊಸ್ತೊಕ್‌ನ ಸುತ್ತಮುತ್ತ, ಜಪಾನ್ ದುಡ್ಡು ಕೊಟ್ಟು ಹಳೇ ಹಡಗುಗಳನ್ನು ಒಡೆಸಿತು. ಒಂದು ಕಾಲದ ಶತ್ರುವಿನ ಹಡಗಿನ ಅಂತ್ಯಕ್ರಿಯೆಗೆ ನೆರೆಯವರ ಚಂದಾ!

ಮ್ಯೂಸಿಯಂ ಮಾಡಿದರಾಗದೇ ಎನ್ನುತ್ತೀರಿ. ವಿಶಾಖಪಟ್ಟಣದ ಕಡಲದಂಡೆಯಲ್ಲಿ ನಮ್ಮ ಐಎನ್‌ಎಸ್ ಕುರ್ಸುರಾ ಇದೆ. 1969ರಿಂದ 2001ರವರೆಗೆ ದುಡಿದ ಡೀಸೆಲ್ ಹಡಗು. ನಿವೃತ್ತಿಯಾಗಿ ಒಂದೂವರೆ ವರ್ಷದೊಳಗೆ ಟಿಕೆಟ್ ಕೊಡಲು ಶುರು ಮಾಡಿದರು. ಒಳಗೆ ಹೊಕ್ಕರೆ ಟಾರ್ಪಿಡೊ ಕೊಳವೆಗಳ ಪಕ್ಕದಲ್ಲೇ ಮಲಗುವ ಮಂಚ. ಕೋಣೆಯಿಂದ ಕೋಣೆಗೆ ದಾಟುವ ಬಾಗಿಲು ದುಂಡನೆಯ ತೂತು. ಮೊದಲು ಒಂದು ಕಾಲು, ಆಮೇಲೆ ತಲೆ, ಕೊನೆಗೆ ಉಳಿದ ಕಾಲು, ಈ ಕ್ರಮ ತಪ್ಪಿದರೆ ಹಣೆಗೆ ಪೆಟ್ಟು ಖಚಿತ. ಅಣು ಹಡಗನ್ನು ಹೀಗೆ ತೋರಿಸಬೇಕಾದರೆ ಅದರ ಹೃದಯ ಕಿತ್ತೇ ತೋರಿಸಬೇಕು. ಫ್ರಾನ್ಸಿನ ಶೆರ್ಬೂರ್ಗ್‌ನಲ್ಲಿ ಹಾಗೇ ಮಾಡಿದ್ದಾರೆ. 1991ರಲ್ಲಿ ನಿವೃತ್ತವಾದ ಲ ರೆದೂತಾಬ್ಲ್ ಎಂಬ ಹಡಗಿನ ರಿಯಾಕ್ಟರ್ ಭಾಗವನ್ನು ಕೊಯ್ದು ತೆಗೆದು, ಆ ಜಾಗಕ್ಕೆ ಖಾಲಿ ಉಕ್ಕಿನ ಕೊಳವೆ ಬೆಸೆದು ಮತ್ತೆ ಒಂದಾಗಿಸಿದರು. 2002ರಿಂದ ಜನ ಅದರೊಳಗೆ ಓಡಾಡುತ್ತಿದ್ದಾರೆ.

"ಹಂಗಾದ್ರೆ ನಮ್ಮ ಚಕ್ರಗಳ ಕರ್ಮ ಮಾಡೋರು ಅವರೇ ಅಂದಂಗಾಯ್ತು," ಯಜಮಾನರು ನಕ್ಕರು. "ಲೀಸ್‌ಗೆ ತಂದದ್ದಕ್ಕೆ ಲಾಭ ನೋಡ್ರಿ."

ಲಾಭವೇ ಹೌದು. ಎರಡೂ ಚಕ್ರಗಳು ಇಲ್ಲಿ ಓಡಿದವು, ಕಲಿಸಿದವು, ಬಿಸಿ ಹೊಟ್ಟೆ ಹೊತ್ತುಕೊಂಡೇ ವಾಪಸ್ ಹೋದವು. ಮೂರನೆಯದಕ್ಕೂ 2019ರ ಮಾರ್ಚ್‌ನಲ್ಲಿ ಕರಾರಾಗಿದೆ. ಆದರೆ ಅರಿಹಂತ್ ನಮ್ಮದು. 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿಯಿತು, 2013ರ ಆಗಸ್ಟ್‌ನಲ್ಲಿ ಅದರ ರಿಯಾಕ್ಟರ್ ಜೀವ ತಳೆಯಿತು, 2016ರಲ್ಲಿ ಸೇವೆಗೆ ಸೇರಿತು. ತಮ್ಮ ಅರಿಘಾತ್ 2024ರ ಆಗಸ್ಟ್ 29ರಂದು ಬಂದ. ದಾಳಿಯ ಅಣು ಜಲಾಂತರ್ಗಾಮಿ ಎರಡನ್ನು ಇಲ್ಲೇ ಕಟ್ಟಲು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಇವನ್ನೆಲ್ಲ ಮುಂದೊಂದು ದಿನ ಬಿಚ್ಚಬೇಕಾದವರು ನಾವೇ. ಅಲಂಗ್‌ನ ಮರಳ ಮೇಲೆ ಎಳೆದು ಗ್ಯಾಸ್ ಕಟರ್ ಹಚ್ಚುವ ಕೆಲಸ ಇದಲ್ಲ. ಅದಕ್ಕೊಂದು ಪ್ರತ್ಯೇಕ ಡ್ರೈಡಾಕ್ ಬೇಕು, ಇಂಧನದ ಪೀಪಾಯಿ ಎತ್ತುವ ಕ್ರೇನು, ಅದನ್ನು ವರ್ಷಗಟ್ಟಲೆ ತಣಿಸುವ ಕೊಳ ಬೇಕು. ದೂರದಿಂದಲೇ ಕೊಯ್ಯುವ ಯಂತ್ರ ಬೇಕು, ಸಾವಿರ ಟನ್ ಹೊರುವ ಬಂಡಿ ಮತ್ತು ಅದು ಹೋಗಲು ದಾರಿ ಬೇಕು. ಕೊನೆಗೆ ಮಳೆ ಕಡಿಮೆ ಬೀಳುವ, ಅಂತರ್ಜಲ ಆಳದಲ್ಲಿರುವ ಒಂದು ನೆಲ ಬೇಕು.

ಯಜಮಾನರ ತಲೆಯಲ್ಲಿ ಓಡುತ್ತಿದ್ದುದು ನೆಲದ ಚಿಂತೆಯಲ್ಲ. "ಆ ಕೋಣೆ ಕೊಯ್ದ ಮೇಲೆ ಬಾಯಿಗೆ ಪ್ಲೇಟ್ ಬೆಸಿತಾರೆ ಅಂದ್ರಲ್ಲ ಸರ, ಎಷ್ಟು ದಪ್ಪ ಇರ್ತತಿ? ಒಂದೇ ಪಾಸ್‌ನಾಗ ಆಗಂಗಿಲ್ಲ ಬಿಡ್ರಿ. ಮೊದ್ಲು ಪ್ಲೇಟ್ ಕಾಯಿಸ್ಕಬೇಕು..." ಎಂದು ಚಾಕ್‌ಪೀಸ್ ತೆಗೆದುಕೊಂಡು ಕಟ್ಟೆಯ ಕಲ್ಲಿನ ಮೇಲೆ ಜಾಯಿಂಟಿನ ನಕ್ಷೆ ಬರೆಯತೊಡಗಿದರು.